ಭಟ್ಟಿಯ ಪಾಲು

ಸಾಯಮ್ಮನ ಮನೆ ಮುಂದೆ ಹಾಯುವಾಗ ಆಲೂಗಡ್ಡೆ ಬೇಯುವ ವಾಸನೆ ಬಂತೆಂದರೆ ಓಣಿಯ ಮಂದಿ ಒಂದು ಮಾತು ಹೇಳುತ್ತಿದ್ದರು. "ನಾಳಿ ಯಾರ್ದೋ ಮನ್ಯಾಗ ದಾವತ್ ಅದ." ಇವತ್ತು ಅನ್ನುತ್ತಿರಲಿಲ್ಲ, ನಾಳೆ ಅನ್ನುತ್ತಿದ್ದರು. ಸಾಯಮ್ಮನ ಆಲೂಗಡ್ಡೆ ಒಂದು ದಿನ ಮೊದಲೇ ಬೆಂದು, ತುಂಬಿಸಿಕೊಂಡು, ರಾತ್ರಿಯೆಲ್ಲ ತಣ್ಣಗೆ ಕೂತು, ಮರುದಿನ ಬೇಕರಿಯ ಭಟ್ಟಿಗೆ ಹೋಗುವಂಥದು.

ಇನ್ನೊಂದು ಮಾತೂ ಇತ್ತು. "ಅಕಿ ಬೆರಳಾಗ ಜೀವ ಇಲ್ಲವ್ವ." ಇದು ಬೈಗುಳವಲ್ಲ, ಕಂಡದ್ದು. ಕುದಿಯುವ ಪಾತ್ರೆಯಿಂದ ಆಲೂಗಡ್ಡೆಯನ್ನು ಬರಿಗೈಯಲ್ಲೇ ಎತ್ತಿ, ಹಾಗೇ ಅಂಗೈಯಲ್ಲಿಟ್ಟುಕೊಂಡು ಎರಡು ಹೋಳು ಮಾಡುತ್ತಿದ್ದಳು. ಒಮ್ಮೆಯೂ ಹಾ ಅಂದದ್ದು ಯಾರೂ ಕೇಳಿಲ್ಲ. ನಲ್ಲಿಯ ಕಟ್ಟೆ ಮೇಲೆ ಕೂರುವ ಲಚ್ಚಮ್ಮ, ಆಕೆಗೆ ಗೊತ್ತಿಲ್ಲದ ಸುದ್ದಿ ಓಣಿಯಲ್ಲಿ ಇರಲಿಲ್ಲ, ಗೊತ್ತಿದ್ದುದರಲ್ಲಿ ಮಾತ್ರ ಅರ್ಧ ತಪ್ಪಿರುತ್ತಿತ್ತು, ಆಕೆ ಅನ್ನುತ್ತಿದ್ದಳು, "ಬೆರಳಷ್ಟೇ ಅಲ್ಲ, ಅಕಿ ಕಣ್ಣಾಗೂ ನೀರಿಲ್ಲ. ಗಂಡ ಸತ್ತಾಗೂ ಅತ್ತಿಲ್ಲಂತ. ಇರ್ಲಿ ಬಿಡು, ಬೇಕರಿ ಪೀರಪ್ಪನ ತಂಗಿ ಅಲ್ಲೇನು, ಕೈ ಮಾತ್ರ ಚಲೋ ಅದ."

ಅತ್ತಿಲ್ಲ ಅನ್ನುವುದು ಖರೆ. ಪೀರಪ್ಪನ ತಂಗಿ ಅನ್ನುವುದು ಖರೆಯಲ್ಲ. ಈ ಕತೆ ಇರುವುದು ಆ ತಪ್ಪಿನ ಅರ್ಧದಲ್ಲೇ.

ಸಾಯಮ್ಮ ಬಶೀರಾಬಾದ್ ಕಡೆಯ ಒಂದು ಹಳ್ಳಿಯ ಸೊಸೆ. ಗಂಡ ಮೊಗಲಪ್ಪ ತಾಂಡೂರಿನಲ್ಲಿ ಕಲ್ಲು ಪಾಲಿಶ್ ಮಾಡುವ ಮಷೀನಿನ ಮುಂದೆ ನಿಂತು ದುಡಿದವನು. ಆಕೆ ಸಿಮೆಂಟ್ ಫ್ಯಾಕ್ಟರಿಯೊಂದರ ಗೆಸ್ಟ್ ಹೌಸಿನಲ್ಲಿ ಪಾತ್ರೆ ತೊಳೆಯಲು ಸೇರಿ, ಅಲ್ಲಿನ ಮುದುಕ ಅಡುಗೆಯವನಿಂದ ಈ ಆಲೂಗಡ್ಡೆ ಕಲಿತಳು. ಊಟಕ್ಕೆ ಮುಂಚೆ ಸಾಹೇಬರು ಕೈಯಲ್ಲಿ ಹಿಡಿದು ತಿನ್ನುವ ಪದಾರ್ಥ ಅದು. ಗಡ್ಡೆ ಗುಂಡಗಿರಬೇಕು, ಕೋಳಿಮೊಟ್ಟೆಗಿಂತ ತುಸು ದೊಡ್ಡದು. ಸಿಪ್ಪೆ ಸಮೇತ ಮುಕ್ಕಾಲು ಬೇಯಬೇಕು. ಬಿಸಿ ಇರುವಾಗಲೇ ಹೋಳು ಮಾಡಿ ಒಡಲು ತೆಗೆಯಬೇಕು, ತಣ್ಣಗಾದರೆ ಅಂಚು ಒಡೆಯುತ್ತದೆ. ಆ ಅಡುಗೆಯವನು ಒಡಲಿಗೆ ಬರೀ ಪನೀರು, ಮೆಣಸಿನಪುಡಿ ಕಲಸುತ್ತಿದ್ದ. ಸಾಯಮ್ಮ ಹುರಿದ ಶೇಂಗಾ ಕುಟ್ಟಿ ಹಾಕಿದಳು, ಗುರೆಳ್ಳಿನ ಖಾರದ ಹಿಂಡಿ ಹಾಕಿದಳು, ಹಸಿಮೆಣಸಿನಕಾಯಿ ಕೊತ್ತಂಬರಿ ಹಾಕಿದಳು. ಕಲಸಿದ್ದನ್ನು ಮತ್ತೆ ಅದೇ ಗುಂಡಿಗೆ ತುಂಬಿ, ಮೇಲೆ ಟೋಸ್ಟಿನ ಪುಡಿ ಉದುರಿಸಿ, ತುಪ್ಪದ ಕೈ ಸವರುತ್ತಿದ್ದಳು. ತುಂಬಿದ ದಿನವೇ ಭಟ್ಟಿಗಿಟ್ಟರೆ ನೀರು ಬಿಟ್ಟು ಮೆತ್ತಗಾಗುತ್ತದೆ. ಒಂದು ರಾತ್ರಿ ತಣ್ಣಗೆ ಕೂತದ್ದೇ ಮರುದಿನ ಮೇಲೆ ಕರುಂ ಅಂದು ಒಳಗೆ ಬೆಣ್ಣೆಯಾಗುತ್ತದೆ.

ಮೊಗಲಪ್ಪ ಸತ್ತದ್ದು ಆಕೆ ಗೆಸ್ಟ್ ಹೌಸಿನಲ್ಲಿ ಮೂವತ್ತು ಗಡ್ಡೆ ತುಂಬುತ್ತಿದ್ದ ಮಧ್ಯಾಹ್ನ. ಎಷ್ಟೋ ತಿಂಗಳ ಕೆಮ್ಮು ಆ ಹೊತ್ತಿಗೆ ಮುಗಿಯಿತು. ಸುದ್ದಿ ತಂದವನು ಬಾಗಿಲಲ್ಲಿ ನಿಂತಿದ್ದ. ಸಾಯಮ್ಮ ಉಳಿದ ಒಂಬತ್ತು ತುಂಬಿ, ಒದ್ದೆ ಬಟ್ಟೆ ಮುಚ್ಚಿ, ಕೈ ತೊಳೆದುಕೊಂಡು ಹೊರಟಳು. ಅವತ್ತಿನಿಂದ ತಾನು ಮಾಡಿದ ಅಡುಗೆಯ ರುಚಿ ನೋಡುವುದನ್ನು ಬಿಟ್ಟಳು. ವ್ರತವೇನಲ್ಲ. ನಾಲಿಗೆಗೆ ಏನೂ ಹತ್ತುತ್ತಿರಲಿಲ್ಲ, ಅಷ್ಟೇ. ಉಪ್ಪನ್ನು ಕೈಯ ಅಳತೆಯಲ್ಲಿ ಹಾಕುತ್ತಿದ್ದಳು.

ಗೆಸ್ಟ್ ಹೌಸಿನ ಗುತ್ತಿಗೆ ಬೇರೆಯವರಿಗೆ ಹೋಯಿತು. ಮಗಳು ಮೌನಿಕಾಳನ್ನು ಓದಿಸಬೇಕಿತ್ತು. ಆಗ ನೆನಪಾದವನು ಪೀರಪ್ಪ. ಪೀರಪ್ಪನೂ ಮೊಗಲಪ್ಪನೂ ಹರೆಯದಲ್ಲಿ ಒಂದೇ ಖಣಿಯಲ್ಲಿ ಕಲ್ಲು ಎತ್ತಿದವರು, ಒಂದೇ ಡಬ್ಬಿಯಲ್ಲಿ ರೊಟ್ಟಿ ತಿಂದವರು. ಪೀರಪ್ಪ ಆಮೇಲೆ ತಾಂಡೂರಿನಲ್ಲೇ ಸಣ್ಣ ಬೇಕರಿ ಇಟ್ಟ. ಹಬ್ಬ ಬಂತೆಂದರೆ ಮಂದಿ ಮನೆಯಲ್ಲಿ ನಾನ್‌ಖಟಾಯಿ ಹಿಟ್ಟು ಕಲಸಿ ಭಟ್ಟಿಗೆ ತರುವ ಊರು ಅದು. ತಂದವರು ಬೆಂದದ್ದರಲ್ಲಿ ಒಂದನ್ನು ಭಟ್ಟಿಯವನ ಕೈಗಿಟ್ಟು ಹೋಗುವುದು ರೂಢಿ. ಅದಕ್ಕೆ ಭಟ್ಟಿಯ ಪಾಲು ಅನ್ನುತ್ತಾರೆ.

"ಬೆಳಗಿನ ಪಾವ್ ತೆಗೆದ ಮ್ಯಾಲ ಭಟ್ಟಿ ಮಧ್ಯಾಹ್ನದ ತನಕ ಬಿಸಿ ಇರ್ತದ," ಅಂದ ಪೀರಪ್ಪ. "ಸುಮ್ಮ ಹೋಗೋ ಬಿಸಿ. ನೀ ಉಪಯೋಗ ಮಾಡ್ಕೋ. ಆದ್ರ ದೂರದಿಂದ ಹೊತ್ತು ತಂದ್ರ ಮೇಲಿನ ಪುಡಿ ಎಲ್ಲಾ ಜಾರ್ತದ. ಮನಿ ಹತ್ತಿರ ಬೇಕು."

ಹತ್ತಿರದ ಮನೆ ಒಂದೇ ಇತ್ತು. ಬೇಕರಿಯಿಂದ ನಲವತ್ತು ಹೆಜ್ಜೆ. ಕೌಶಲ್ಯಾಬಾಯಿಯ ಮನೆಯ ಹಿಂಭಾಗದ ಎರಡು ಕೋಣೆ. ಕೌಶಲ್ಯಾಬಾಯಿಯ ಗಂಡ ದತ್ತು ಒಂದು ಕಲ್ಲು ಪಾಲಿಶ್ ಯೂನಿಟ್ಟಿನ ಮಾಲಕ. ಮೂರು ತಲೆಮಾರಿನಿಂದ ಅಲ್ಲೇ ನೆಲೆ ನಿಂತವರು. ಹಿಂದಿನ ಕೋಣೆಗೆ ಬಿಸಿಲೇ ತಾಗುತ್ತಿರಲಿಲ್ಲ. ನೆಲಕ್ಕೆ ನೀಲಿ ಕಲ್ಲು ಹಾಸಿದ್ದರು. ಸಾಯಮ್ಮ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟಾಗ, ಏಪ್ರಿಲ್ ತಿಂಗಳ ನಡುಮಧ್ಯಾಹ್ನ, ಆ ಕಲ್ಲು ಬಾವಿಯ ಮೆಟ್ಟಿಲಿನಷ್ಟು ತಣ್ಣಗಿತ್ತು. ಫ್ರಿಜ್ಜು ಬೇಡ, ಕರೆಂಟು ಬೇಡ. ಕಲ್ಲಿಗೆ ನೀರು ಚಿಮುಕಿಸಿ ಮೇಲೆ ಟ್ರೇ ಇಟ್ಟರೆ ಸಾಕು.

ಕೌಶಲ್ಯಾಬಾಯಿ ಬಾಗಿಲಲ್ಲಿ ನಿಂತು ಕೇಳಿದಳು, "ಯಾವ ಮಂದಿ?"

ಸಾಯಮ್ಮ ಬಾಯಿ ತೆಗೆಯುವ ಮೊದಲೇ ಪೀರಪ್ಪ ಹೇಳಿದ. "ನಮ್ಮವರೇ ರೀ. ನಂಗ ತಂಗಿ ಆಗಬೇಕು."

ಸಾಯಮ್ಮ ನೆಲ ನೋಡುತ್ತ ನಿಂತಳು. ಅಲ್ಲ ಅನ್ನಬಹುದಿತ್ತು. ಅನ್ನಲಿಲ್ಲ. ಸುಳ್ಳು ಪೀರಪ್ಪನದು, ಸುಮ್ಮನಿದ್ದದ್ದು ಆಕೆಯದು. ಆ ಸುಮ್ಮನಿರುವಿಕೆಯ ಮೇಲೆ ಆರು ವರ್ಷ ಮನೆ ನಿಂತಿತು.

ಬುದ್ಧನ ಫೋಟೋ ಟ್ರಂಕಿನ ತಳಕ್ಕೆ ಹೋಯಿತು, ಮೊಗಲಪ್ಪನ ಧೋತರದಲ್ಲಿ ಸುತ್ತಿಕೊಂಡು. ಮೈದುನ ರಾಜರತ್ನ ಊರಿನಿಂದ ಜೋಳ ತಂದರೆ ಬಸ್‌ಸ್ಟ್ಯಾಂಡಿನಲ್ಲೇ ಚೀಲ ಕೊಟ್ಟು ತಿರುಗುತ್ತಿದ್ದ. ಮನೆ ಯಾವ ಓಣಿಯಲ್ಲಿದೆ ಎಂದು ಅವನು ಕೇಳಲಿಲ್ಲ, ಆಕೆ ಹೇಳಲಿಲ್ಲ. ಊರಿನ ಮಂದಿ ಪೇಟೆಯಲ್ಲಿ ಎದುರಾದರೆ ಸಾಯಮ್ಮ ರಸ್ತೆಯ ಆ ಬದಿಗೆ ದಾಟುತ್ತಿದ್ದಳು. ಮೊದಮೊದಲು ಎದೆ ಹೊಡೆದುಕೊಳ್ಳುತ್ತಿತ್ತು. ಆಮೇಲೆ ಅದೂ ನಿಂತಿತು. ಬೆರಳಿಗೆ ಆದ ಹಾಗೇ.

ಕೌಶಲ್ಯಾಬಾಯಿ ಕೆಟ್ಟವಳಲ್ಲ. ಯುಗಾದಿಗೆ ಹೋಳಿಗೆ ಹೂರಣ ರುಬ್ಬಲು ಸಾಯಮ್ಮನನ್ನೇ ಕರೆಯುತ್ತಿದ್ದಳು. ಮೌನಿಕಾಳಿಗೆ ಜ್ವರ ಬಂದಾಗ ರಿಕ್ಷಾ ಮಾಡಿ ತಾನೇ ದವಾಖಾನೆಗೆ ಒಯ್ದಿದ್ದಳು. ಓಣಿಯಲ್ಲಿ ಯಾರ ಮನೆಗೆ ಬೀಗರು ಬಂದರೂ, "ಸಾಯಮ್ಮಗ ಹೇಳ್ರಿ, ಭಟ್ಟಿ ಆಲೂಗಡ್ಡಿ ಇಡಿಸ್ರಿ" ಅಂತ ಶಿಫಾರಸು ಮಾಡುತ್ತಿದ್ದವಳೂ ಆಕೆಯೇ.

ಪೀರಪ್ಪನ ಪಾಲು ಮಾತ್ರ ಒಂದು ಸಲವೂ ತಪ್ಪಲಿಲ್ಲ. ಟ್ರೇ ಹೊರಗೆ ಬಂದ ಕೂಡಲೇ ಸಾಯಮ್ಮ ಒಂದನ್ನು ಪೇಪರಿನ ತುಂಡಿನ ಮೇಲೆ ಇಡುತ್ತಿದ್ದಳು. ಪೀರಪ್ಪ ಅದನ್ನು ಹಿಡಿದು ಬೇಕರಿಯ ಬಾಗಿಲಲ್ಲಿ, ರಸ್ತೆಗೆ ಮುಖ ಮಾಡಿ ನಿಂತು, ಊದಿ ಊದಿ ತಿಂದು ಹೇಳುತ್ತಿದ್ದ, "ಉಪ್ಪು ಸರಿ ಅದ." ಸಾಯಮ್ಮನಿಗೆ ತನ್ನ ಅಡುಗೆಯ ರುಚಿ ಗೊತ್ತಾಗುತ್ತಿದ್ದುದು ಆ ಮೂರು ಮಾತಿನಿಂದಲೇ.

ಹೀಗಿರುವಾಗ ಎರಡು ಸಾವಿರದ ಹನ್ನೊಂದನೆಯ ಇಸವಿ ಬಂತು. ತೆಲಂಗಾಣ ಬೇಕೆಂದು ಎಲ್ಲರೂ ಕೆಲಸ ಬಿಟ್ಟು ಕೂತ ವರ್ಷ. ಬಸ್ಸು ನಿಂತವು, ಸಾಲೆ ಕಾಲೇಜು ಮುಚ್ಚಿದವು, ಕರೆಂಟು ಬಂದರೆ ಬಂತು. ಮೌನಿಕಾ ಡಿಗ್ರಿ ಎರಡನೆಯ ವರ್ಷ, ಪುಸ್ತಕ ಮಡಚಿ ಮನೆಯಲ್ಲಿದ್ದಳು. ಅದರ ನಡುವೆಯೇ ಕೌಶಲ್ಯಾಬಾಯಿಯ ಮಗಳು ಧನಲಕ್ಷ್ಮಿಯ ನಿಶ್ಚಯ ಬಂತು. ಗಂಡಿನವರು ಝಹೀರಾಬಾದಿನವರು. ಹೆಣ್ಣು ನೋಡಲು ಬಂದಾಗ ಸಾಯಮ್ಮನ ಆಲೂಗಡ್ಡೆ ತಿಂದು, ಹುಡುಗನ ಅಜ್ಜಿ, ಹಲ್ಲಿಲ್ಲದಾಕೆ, ಐದು ಹೋಳು ಖಾಲಿ ಮಾಡಿ ಹೇಳಿದ್ದಳು, "ಹುಡುಗಿ ಆಮ್ಯಾಲ ನೋಡೋಣ, ಇದನ್ನ ಇನ್ನೊಂದು ತರ್ರಿ." ನಿಶ್ಚಯದ ಊಟಕ್ಕೆ ಬೀಗರು ಬಾಯಿಬಿಟ್ಟು ಕೇಳಿದ್ದೂ ಅದನ್ನೇ. ಮುಹೂರ್ತ ಇಟ್ಟದ್ದಾಗಿತ್ತು, ಮುಂದೂಡುವ ಹಾಗಿಲ್ಲ. ಅರವತ್ತು ಜನ, ಒಬ್ಬರಿಗೆ ಎರಡು ಹೋಳು. ಶುಕ್ರವಾರ ಸಂಜೆ ಊಟ.

ಗುರುವಾರ ಬೆಳಿಗ್ಗೆ ಸಾಯಮ್ಮ ಮೌನಿಕಾಳನ್ನು ಜೊತೆಗೆ ಕೂಡಿಸಿಕೊಂಡು ಕೆಲಸ ಹಚ್ಚಿದಳು. ಮಧ್ಯಾಹ್ನದ ಹೊತ್ತಿಗೆ ನಾಲ್ಕು ಟ್ರೇ ತುಂಬಿ, ಒದ್ದೆ ಬಟ್ಟೆ ಹೊದ್ದು, ಕಲ್ಲಿನ ಮೇಲೆ ಸಾಲಾಗಿ ಕೂತಿದ್ದವು. ನಿಂಬೆಹಣ್ಣು ಸಿಕ್ಕರೆ ತರೋಣವೆಂದು ಸಾಯಮ್ಮ ಚೌಕಿನ ಕಡೆ ಹೊರಟಳು.

ಚೌಕಿನಲ್ಲಿ ಅವತ್ತು ವಂಟಾ-ವಾರ್ಪು. ರಸ್ತೆ ತಡೆದು, ನಡುರಸ್ತೆಯಲ್ಲೇ ಮೂರು ಕಲ್ಲು ಹೂಡಿ, ಅಡುಗೆ ಮಾಡಿ, ಅಲ್ಲೇ ಕೂತು ಉಣ್ಣುವ ಚಳವಳಿ. ಒಂದೊಂದು ಸಂಘದವರು ತಮ್ಮ ತಮ್ಮ ಬ್ಯಾನರ್ ಕಟ್ಟಿ, ತಮ್ಮ ತಮ್ಮ ಒಲೆ ಹೂಡಿದ್ದರು. ಕಲ್ಲಿನ ಯೂನಿಟ್ ಮಾಲಕರದು ಒಂದು, ವಕೀಲರದು ಒಂದು, ಮಾಸ್ತರರದು ಒಂದು, ಒಂದೊಂದು ಕುಲದವರದು ಒಂದೊಂದು. ಮೈಕಿನಲ್ಲಿ ಒಬ್ಬರು ನಾವೆಲ್ಲ ಒಂದೇ ಎಂದು ತೆಲುಗಿನಲ್ಲಿ ಹೇಳುತ್ತಿದ್ದರು. ಮಾಲಕರ ಒಲೆಯ ಹತ್ತಿರ ದತ್ತು ಹಾಸುಗಲ್ಲಿನ ಮೇಲೆ ಕೂತು ಕಣ್ಣೊರೆಸಿಕೊಳ್ಳುತ್ತ ಉಳ್ಳಾಗಡ್ಡಿ ಹೆಚ್ಚುತ್ತಿದ್ದ. ಎಲ್ಲಕ್ಕಿಂತ ಕೊನೆಗೆ, ಮೋರಿಯ ಪಕ್ಕದಲ್ಲಿ, ನೀಲಿ ಬ್ಯಾನರ್. ಅದರ ಕೆಳಗೆ ರಾಜರತ್ನ.

ಸಾಯಮ್ಮ ರಸ್ತೆ ದಾಟುವಷ್ಟರಲ್ಲಿ ಅವನು ನೋಡಿದ. ನೋಡಿದವನೇ ಮುಖ ಆಚೆ ತಿರುಗಿಸಿದ. ಅವನ ಪಕ್ಕ ಕೂತ ಈಶಮ್ಮ, ಊರಿಗೆ ಹೊಸದಾಗಿ ಬಂದ ಸೊಸೆ, ಸಾಯಮ್ಮನ ಗುರುತಿಲ್ಲದವಳು, ಕೇಳಿದಳು, "ಯಾರು ಮಾವಾ ಅಕಿ? ನಿನ್ನನ್ನೇ ನೋಡ್ಲತ್ತಾಳ."

"ಯಾರೋ," ಅಂದ ರಾಜರತ್ನ. "ಬೇಕರಿಯಕಿ. ನೀ ಗಡ್ಡಿ ಸುಲಿ."

ಅಣ್ಣನ ಹೆಂಡತಿಯ ಮನೆ ಉಳಿಯಲಿ ಎಂದು ಆಡಿದ ಮಾತು. ಸಾಯಮ್ಮನಿಗೆ ಅದು ಗೊತ್ತಾಯಿತು. ಆರು ವರ್ಷ ತಾನು ಯಾರಿಗೂ ಬಾಯಿಬಿಟ್ಟು ಹೇಳದಿದ್ದ ಸುಳ್ಳನ್ನು ಈಗ ಅವನು ಹೇಳಬೇಕಾಯಿತು. ಆಕೆ ನಡೆದು ಹೋಗಬಹುದಿತ್ತು. ನಡೆಯುವವರಿಗೆ ದಾರಿ ಖುಲ್ಲಾ ಇತ್ತು.

ಈಶಮ್ಮ ಹಸಿ ಆಲೂಗಡ್ಡೆಯನ್ನು ಹೊಲದಲ್ಲಿ ಕಳೆ ಕೀಳುವ ಕುರುಪಿ ಹಿಡಿದ ಹಾಗೆ ಚಾಕು ಹಿಡಿದು ಸುಲಿಯುತ್ತಿದ್ದಳು. ಸಿಪ್ಪೆಯ ಜೊತೆ ಅರ್ಧ ಗಡ್ಡೆಯೇ ಹೋಗುತ್ತಿತ್ತು. ಸಾಯಮ್ಮ ಆಕೆಯ ಎದುರಿಗೆ ಹೋಗಿ ರಸ್ತೆಯ ಮೇಲೆ ಕೂತಳು.

"ಹಂಗಲ್ಲ ಸುಲಿಯೋದು. ಚಾಕು ಈ ಕಡಿ ಕೊಡು."

"ವೈನಿ," ಅಂದ ರಾಜರತ್ನ, ತಗ್ಗಿದ ದನಿಯಲ್ಲಿ, "ಆ ಒಲಿ ಹತ್ತಿರ ನಿಮ್ಮ ಮಾಲಕ ಕುಂತಾನ. ನಡ್ರಿ. ನಿಮಗ ಕೆಲಸ ಅದ."

"ಕೆಲಸ ಮುಗಿಸೇ ಬಂದೀನಿ."

"ವೈನಿ, ಮಾತು ಕೇಳ್ರಿ."

"ಎಷ್ಟು ಮಂದಿಗಿ ಮಾಡ್ಲತ್ತೀರಿ?"

"ನೂರು," ಅಂದಳು ಈಶಮ್ಮ, ಇಬ್ಬರ ಮುಖವನ್ನೂ ನೋಡುತ್ತ. "ವೈನಿ ಅಂದ್ರ? ನಮ್ಮ ಮೊಗಲಪ್ಪ ಮಾವನ ಹೆಂಡ್ತಿ ಏನು ನೀವು? ಅಯ್ಯ, ನೀವು ಹೈದರಾಬಾದಿನಾಗ ಇದ್ದೀರಿ ಅಂದಿದ್ರಲ್ಲ."

"ಇಲ್ಲೇ ಇದ್ದೆ," ಅಂದಳು ಸಾಯಮ್ಮ.

ನೂರು ಜನರ ಗಡ್ಡೆ ಸುಲಿದಳು. ಒಗ್ಗರಣೆ ಹಾಕಿದಳು. ಯಾರೋ ಉಪ್ಪು ನೋಡ್ರಿ ಎಂದು ಸೌಟು ಹಿಡಿದರೆ, ಈಶಮ್ಮನ ಕಡೆ ತೋರಿಸಿದಳು. ನಡುವೆ ಒಮ್ಮೆ ತಲೆಯೆತ್ತಿದಾಗ ಮೂವತ್ತು ಹೆಜ್ಜೆ ಆಚೆ ದತ್ತು ಉಳ್ಳಾಗಡ್ಡಿ ಹಿಡಿದುಕೊಂಡೇ ಈ ಕಡೆ ನೋಡುತ್ತಿದ್ದ. ಅವನ ಕಣ್ಣು ಬ್ಯಾನರಿಗೆ ಹೋಯಿತು, ಮತ್ತೆ ಸಾಯಮ್ಮನ ಮೇಲೆ ಬಂತು. ಆಮೇಲೆ ತಲೆ ತಗ್ಗಿಸಿ ಹೆಚ್ಚತೊಡಗಿದ. ಸಾಯಮ್ಮನೂ ತಲೆ ತಗ್ಗಿಸಿದಳು. ಏನೋ ಆಗಬೇಕಿತ್ತು ಒಳಗೆ, ಭಯವೋ ಸಮಾಧಾನವೋ. ಏನೂ ಆಗಲಿಲ್ಲ. ಕೈ ಕೆಲಸ ಮಾಡುತ್ತಿತ್ತು.

ಉಂಡು ಮನೆಗೆ ಬಂದು, ಕಲ್ಲಿಗೆ ನೀರು ಚಿಮುಕಿಸಿ, ಟ್ರೇಗಳ ಬಟ್ಟೆ ಮತ್ತೆ ತೋಯಿಸಿ ಹೊದಿಸಿದಳು. ನಿಂಬೆಹಣ್ಣು ಮರೆತು ಬಂದಿದ್ದಳು.

ಶುಕ್ರವಾರ ಬೆಳಿಗ್ಗೆ ಕೌಶಲ್ಯಾಬಾಯಿ ಬಂದಳು. ದಿನಾ ಸೀದಾ ಒಳಗೆ ಬಂದು ಟ್ರಂಕಿನ ಮೇಲೆ ಕೂರುವವಳು ಅವತ್ತು ಹೊಸ್ತಿಲ ಆಚೆ ನಿಂತಳು. ಮಿಂದು ಮಡಿಯುಟ್ಟಿದ್ದಳು. ತುಸು ಹೊತ್ತು ಟ್ರೇಗಳನ್ನು ನೋಡಿದಳು.

"ನಿಮ್ಮಣ್ಣ ಹೇಳಿದ್ರು," ಅಂದಳು. ಗಂಡನನ್ನು ಸಾಯಮ್ಮನ ಮುಂದೆ ಆಕೆ ಯಾವಾಗಲೂ ಹಾಗೇ ಅನ್ನುತ್ತಿದ್ದಳು. ಅಂದ ಮೇಲೆ ನಾಲಿಗೆ ತಡೆದಳು. "ನಿನ್ನೆ ಚೌಕಿನಾಗ ನೋಡಿದ್ರಂತ. ಖರೇ ಏನು?"

"ಖರೇ ಅದರಿ ಅಕ್ಕಾ."

"ಹ್ವಾದ ವಾರನೇ ನನ್ನ ದೇವರ ಮನಿ ಪಾತ್ರಿ ತಿಕ್ಕೀದಿ ನೀ."

"ಹೌದ್ರಿ."

"ಒಂದು ಮಾತು ಹೇಳ್ಬೇಕೋ ಬ್ಯಾಡೋ? ಆರು ವರ್ಷ ಸಾಯಮ್ಮ. ನಾ ನಿನ್ನ ಕೈಯಾಗ ನೀರು ಕುಡದೀನಿ."

ಒಳಗಿನಿಂದ ಮೌನಿಕಾ ಬಂದು ತಾಯಿಯ ಹಿಂದೆ ನಿಂತಳು. "ಕುಡದು ಏನಾತ್ರಿ ಅತ್ತಿ? ಆರಾಮ ಅದೀರಲ್ಲ."

"ನೀ ನಡಬರಕ ಬರಬ್ಯಾಡ," ಅಂದಳು ಕೌಶಲ್ಯಾಬಾಯಿ. ದನಿ ಏರಿಸಲಿಲ್ಲ. "ನಂದೇನಿಲ್ಲವ್ವ. ಕುಡದದ್ದು ತಿಂದದ್ದು ಹೊರಗ ತೆಗಿಲಿಕ್ಕಾಗ್ತದೇನು? ಮಂದಿ. ಝಹೀರಾಬಾದಿನವ್ರ ಕಿವಿಗಿ ಬಿದ್ರ ನನ್ನ ಮಗಳ ಗತಿ ಏನು?" ಮತ್ತೆ ಟ್ರೇಗಳನ್ನು ನೋಡಿದಳು. "ಪ್ಯಾಟಿ ಎಲ್ಲಾ ಬಂದ್. ಹೋಟಲ್ ಬಂದ್, ಮಿಠಾಯಿ ಅಂಗಡಿ ಬಂದ್. ಆ ಮುದುಕಿ ಮುಂಜಾನೆನೇ ಫೋನ್ ಮಾಡ್ಯಾಳ, ಆಲೂಗಡ್ಡಿ ಅದಾವಿಲ್ಲ ಅಂತ."

ಸಾಯಮ್ಮ ಜಾರಿದ್ದ ಒದ್ದೆ ಬಟ್ಟೆಯನ್ನು ಟ್ರೇಯ ಮೇಲೆ ಎಳೆದಳು.

"ಭಟ್ಟಿಗಿ ಹೋಗ್ಲಿ," ಕಡೆಗೆ ಅಂದಳು ಕೌಶಲ್ಯಾಬಾಯಿ. "ಬೆಂಕ್ಯಾಗ ಹೋಗಿ ಬಂದದ್ದಕ್ಕ ಏನೂ ಇರಲ್ಲ. ಪೀರಪ್ಪ ಬೇಕರಿ ಡಬ್ಬ್ಯಾಗ ಹಾಕಿ ತಂದುಕೊಡ್ತಾನ. ನೀವಿಬ್ರೂ ಇವತ್ತು ಮುಂದಿನ ಮನಿಗಿ ಬರಬ್ಯಾಡ್ರಿ."

"ಮನಿ?" ಅಂದಳು ಸಾಯಮ್ಮ.

"ನಾಳಿ ಮುಂಜಾನೆ," ಅಂದಳು ಕೌಶಲ್ಯಾಬಾಯಿ. ಅಂದು, ಕಾಲ್ಬೆರಳಿನಿಂದ ಹೊಸ್ತಿಲ ಹೊರಗಿನ ಮಣ್ಣು ಕೆದರಿದಳು. "ಬೀಗರು ಹ್ವಾದ ಮ್ಯಾಲ."

ಆಕೆ ಹೋದ ಮೇಲೆ ಮೌನಿಕಾ ಟ್ರೇಗಳ ಮುಂದೆ ಕೂತಳು.

"ಕೊಡಬ್ಯಾಡ ಅವ್ವಾ. ಒಂದೂ ಕೊಡಬ್ಯಾಡ. ನಾಯಿಗಿ ಹಾಕೋಣ."

"ನೂರಾ ಇಪ್ಪತ್ತು ನಾಯಿ ಎಲ್ಲಿಂದ ತರ್ತಿ?"

"ನಗಸಬ್ಯಾಡ. ನಾ ಖರೇ ಹೇಳ್ಲತ್ತೀನಿ. ನಮ್ಮನ್ನ ಹೊರಗ ಹಾಕಿ ನಮ್ಮ ಕೈದೇ ತಿಂತಾರ. ನಿಂಗ ಏನೂ ಅನಸಂಗಿಲ್ಲೇನು?"

ಸಾಯಮ್ಮ ಯೋಚಿಸಿದಳು. ಖರೆಯೇ ಯೋಚಿಸಿದಳು, ಎಲ್ಲಾದರೂ ಏನಾದರೂ ಅನ್ನಿಸುತ್ತದೋ ಎಂದು ಕಾದಳು. ಮೊಗಲಪ್ಪ ಸತ್ತ ದಿನವೂ ಹೀಗೇ ಕಾದಿದ್ದಳು.

"ಒಪ್ಕೊಂಡದ್ದು ಅದ," ಅಂದಳು. "ತುಂಬಿದ್ದು ಆಗ್ಯದ. ಎರಡನೇ ದಿನಕ್ಕ ಇಟ್ರ ಹುಳಿ ಬರ್ತದ. ಏಳು, ಆ ಕಡಿ ಹಿಡಿ."

ಬೇಕರಿಯ ಶಟರ್ ಬಂದಿನ ಸಲುವಾಗಿ ಅರ್ಧ ಇಳಿದಿತ್ತು. ಬಗ್ಗಿ ಒಳಗೆ ಹೋಗಬೇಕು. ಪೀರಪ್ಪ ಭಟ್ಟಿಯ ಬಾಯಿಗೆ ಮುಖ ಮಾಡಿ ನಿಂತಿದ್ದ, ಇವರು ಬಂದದ್ದು ಗೊತ್ತಾದರೂ ತಿರುಗಲಿಲ್ಲ.

"ನಂಗೂ ಬಂದು ಕೇಳಿದ್ರು," ಅಂದ. "ನಿನ್ನ ತಂಗಿ ಹ್ಯಾಂಗ ಆದ್ಳು ಅಂತ."

"ಏನಂದಿ?"

"ನಂಗೂ ಗೊತ್ತಿರಲಿಲ್ಲ ಅಂದೆ." ಉದ್ದ ಕೋಲಿನ ತುದಿಯ ಹಲಗೆಯಿಂದ ಟ್ರೇ ಒಳಗೆ ದೂಡಿದ. "ಅಂಗಡಿ ನಡೀಬೇಕಲ್ಲ ಸಾಯಮ್ಮ. ಓಣಿ ಪೂರಾ ನನ್ನ ಪಾವ್ ತಿಂತದ."

"ಹೌದು," ಅಂದಳು ಸಾಯಮ್ಮ. "ನಡೀಬೇಕು."

ಮುಕ್ಕಾಲು ತಾಸು ಮೂವರೂ ಭಟ್ಟಿಯ ಮುಂದೆ ಕೂತರು. ತುಪ್ಪ ಕಾಯುವ ವಾಸನೆ, ಆಮೇಲೆ ಶೇಂಗಾದ ವಾಸನೆ, ಆಮೇಲೆ ಮೇಲಿನ ಪುಡಿ ಕೆಂಪಾಗುವ ವಾಸನೆ ಬಂತು. ಟ್ರೇ ಹೊರಗೆ ಬಂದವು. ಒಂದೂ ಒಡೆದಿರಲಿಲ್ಲ. ಸಾಯಮ್ಮ ಪೇಪರಿನ ತುಂಡು ಹರಿದು, ಮೂಲೆಯ ಒಂದು ಹೋಳು ಎತ್ತಿ ಅದರ ಮೇಲಿಟ್ಟು ಪೀರಪ್ಪನ ಮುಂದೆ ಹಿಡಿದಳು.

ಪೀರಪ್ಪ ತೆಗೆದುಕೊಂಡ. ರೂಢಿಯಂತೆ ಬಾಗಿಲ ಕಡೆ ಎರಡು ಹೆಜ್ಜೆ ಹಾಕಿದ. ಶಟರಿನ ಕೆಳಗೆ, ರಸ್ತೆಯಲ್ಲಿ, ನಿಂತವರ ಕಾಲು ಕಾಣುತ್ತಿದ್ದವು. ಲಚ್ಚಮ್ಮನ ಬೆಳ್ಳಿ ಕಾಲುಂಗುರದ ಕಾಲು, ಇನ್ನೂ ಎರಡು ಮೂರು ಜೋಡಿ. ಪೀರಪ್ಪ ನಿಂತ. ತಿರುಗಿ ಬಂದು ಪೇಪರನ್ನು ಮಡಚಿ ಹಿಟ್ಟಿನ ಡಬ್ಬಿಯ ಹಿಂದೆ ಇಟ್ಟ.

"ಆಮ್ಯಾಲ ತಿಂತೀನಿ," ಅಂದ. "ಈಗಷ್ಟೇ ಚಾ ಕುಡದೀನಿ."

ಮೊಗಲಪ್ಪನ ಡಬ್ಬಿಯಲ್ಲಿ ತಿಂದವನು. ಆರು ವರ್ಷ ಗೊತ್ತಿದ್ದೂ ತಿಂದವನು. ಓಣಿಗೆ ಗೊತ್ತಾದ ದಿನ ಅವನ ಕೈ ಬಾಯಿಗೆ ಹೋಗಲಿಲ್ಲ. ಸಾಯಮ್ಮ ಅದನ್ನು ನೋಡಿದಳು. ಬಟ್ಟೆಯ ತುದಿಯಿಂದ ಖಾಲಿ ಮೂಲೆಯ ತುಪ್ಪ ಒರೆಸಿ, ಉಳಿದವನ್ನು ಬೇಕರಿಯ ಡಬ್ಬಿಗಳಿಗೆ ಜೋಡಿಸತೊಡಗಿದಳು. ಉಪ್ಪು ಸರಿ ಇದೆಯೋ ಇಲ್ಲವೋ ಅವತ್ತು ಆಕೆಗೆ ಯಾರೂ ಹೇಳಲಿಲ್ಲ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಎರಡು ಜೀಪು ಬಂದವು. ತಾಯಿ ಮಗಳು ಹಿಂದಿನ ಕೋಣೆಯಲ್ಲಿ ಪಾತ್ರೆಗಳನ್ನು ಚೀಲಕ್ಕೆ ತುಂಬುತ್ತಿದ್ದರು. ನಡುವೆ ಒಂದೇ ಗೋಡೆ. ಮಾತು, ತಾಟು, ನಗು ಎಲ್ಲಾ ಕೇಳುತ್ತಿತ್ತು.

"ಇದೇ ನೋಡ್ರಿ, ಇದಕ್ಕೇ ನಾ ಬಂದದ್ದು," ಎಂದು ಹಲ್ಲಿಲ್ಲದ ಅಜ್ಜಿಯ ದನಿ. "ಮದುವಿಗೂ ಇದೇ ಇರ್ಲಿ. ಯಾರು ಮಾಡ್ಯಾರ?"

"ಬೇಕರಿಯವ್ರು," ಎಂದು ಕೌಶಲ್ಯಾಬಾಯಿಯ ದನಿ.

"ಆ ಬೇಕರಿಯವನ ಕೈಗಿ ಬಂಗಾರದ ಕಡಗ ಹಾಕ್ರಿ."

ಎಲ್ಲರೂ ನಕ್ಕರು. ಪೀರಪ್ಪನೂ ಅಲ್ಲೇ ಇದ್ದಿರಬೇಕು, ಯಾರೋ ಅವನ ಹೆಸರು ಕರೆದರು. ಮೌನಿಕಾ ಕೈಯಲ್ಲಿದ್ದ ತಾಟು ಹಿಡಿದುಕೊಂಡೇ ತಾಯಿಯ ಮುಖ ನೋಡಿದಳು. ಸಾಯಮ್ಮ ಗಡ್ಡೆಯ ಒಡಲು ಕೊರೆಯುವ ಚಮಚವನ್ನು ಹುಡುಕುತ್ತಿದ್ದಳು. ಹಳೆಯ ಸ್ಟೀಲ್ ಚಮಚ, ಇದೇ ನೆಲದ ಕಲ್ಲಿಗೆ ತಿಂಗಳುಗಟ್ಟಲೆ ಉಜ್ಜಿ ಅಂಚು ಹರಿತ ಮಾಡಿದ್ದು. ಅದು ಸಿಕ್ಕಿತು. ಬಟ್ಟೆಯಲ್ಲಿ ಸುತ್ತಿ ಇಟ್ಟಳು.

ಶನಿವಾರ ಬೆಳಿಗ್ಗೆ ರಾಜರತ್ನ ಟ್ರಾಕ್ಟರ್ ತಂದ. ಆರು ವರ್ಷದಲ್ಲಿ ಮೊದಲ ಸಲ ಆ ಬಾಗಿಲು ಕಂಡ. ಒಳಗೆ ಬರಲೋ ಬೇಡವೋ ಎಂದು ಹೊಸ್ತಿಲ ಹತ್ತಿರ ನಿಂತ.

"ನನ್ನಿಂದಾತು ವೈನಿ."

"ನಿನ್ನಿಂದ ಏನೂ ಆಗಿಲ್ಲ. ಒಳಗ ಬಾ. ಆ ಟ್ರಂಕು ಎತ್ತು."

ಅವನು ಟ್ರಂಕು ಎತ್ತುವ ಮೊದಲು ಮೌನಿಕಾ ಅದನ್ನು ತೆರೆದು, ಧೋತರ ಬಿಚ್ಚಿ, ಬುದ್ಧನ ಫೋಟೋ ಹೊರಗೆ ತೆಗೆದಳು. ಒಯ್ದು ಟ್ರಾಕ್ಟರಿನ ಸೀಟಿನ ಪಕ್ಕದ ಮಡ್‌ಗಾರ್ಡಿನ ಮೇಲೆ ಇಟ್ಟಳು. ನಲ್ಲಿಯ ಕಟ್ಟೆಯ ಮೇಲಿದ್ದ ಹೆಂಗಸರು ಕೊಡ ತುಂಬಿ ಹರಿಯುತ್ತಿದ್ದರೂ ಎತ್ತಲಿಲ್ಲ. ಮುಂದಿನ ಮನೆಯ ಕಿಟಕಿಯಲ್ಲಿ ಧನಲಕ್ಷ್ಮಿ ಒಂದು ಕ್ಷಣ ಕಂಡಳು. ದತ್ತು ಮುಂಜಾನೆಯೇ ಯೂನಿಟ್ಟಿಗೆ ಹೋಗಿದ್ದ, ಬಂದ್ ಇದ್ದರೂ.

ಖಾಲಿ ಟ್ರೇಗಳನ್ನು ತರಲು ಸಾಯಮ್ಮ ಮೌನಿಕಾಳನ್ನು ಬೇಕರಿಗೆ ಕಳಿಸಿದಳು. ಶಟರ್ ಪೂರಾ ಇಳಿದಿತ್ತು. ಪೀರಪ್ಪ ಟ್ರೇಗಳನ್ನು ತೊಳೆದು ಹೊರಗಿನ ಕಟ್ಟೆಯ ಮೇಲೆ ಒಂದರ ಮೇಲೊಂದು ಇಟ್ಟಿದ್ದ. ಎಲ್ಲಕ್ಕಿಂತ ಮೇಲಿನದರಲ್ಲಿ ಮಡಚಿದ ಪೇಪರ್. ಮೌನಿಕಾ ತಂದು ತಾಯಿಯ ಮುಂದೆ ಇಟ್ಟು ಪೇಪರ್ ಬಿಚ್ಚಿದಳು. ಆಲೂಗಡ್ಡೆ ಹಾಗೇ ಇತ್ತು. ಅಂಚು ಒಣಗಿತ್ತು. ಮೇಲಿನ ಪುಡಿ ಒಂದು ಕಡೆ ಜಾರಿತ್ತು.

ಮೌನಿಕಾ ಅದನ್ನು ಎಸೆಯಲು ಕೈ ಎತ್ತಿದಳು.

"ಕೊಡು ಇಲ್ಲಿ," ಅಂದಳು ಸಾಯಮ್ಮ.

ಎರಡು ತುಂಡು ಮಾಡಿದಳು. ಒಂದನ್ನು ಮಗಳಿಗೆ ಕೊಟ್ಟಳು, ಒಂದನ್ನು ತಾನು ಬಾಯಿಗೆ ಹಾಕಿಕೊಂಡಳು. ನಿಧಾನಕ್ಕೆ ಅಗಿದಳು. ಮೌನಿಕಾ ಕಾದಳು.

"ಉಪ್ಪು ಸರಿ ಅದ," ಅಂದಳು ಸಾಯಮ್ಮ.

ಸಾಮಾನೆಲ್ಲ ಹೋದ ಮೇಲೆ ಒಂದು ಬಕೀಟು ನೀರು ತಂದು ನೆಲಕ್ಕೆ ಚೆಲ್ಲಿ, ಸೆರಗು ಸಿಕ್ಕಿಸಿಕೊಂಡು ಒರೆಸತೊಡಗಿದಳು. ಲಚ್ಚಮ್ಮ ತಡೆಯಲಾರದೆ ಬಾಗಿಲ ತನಕ ಬಂದಿದ್ದಳು.

"ಯಾಕ ಒರಸ್ತಿ ಸಾಯಮ್ಮ? ನೀ ಹ್ವಾದ ಮ್ಯಾಲ ಅವ್ರು ಮತ್ತ ಗೋಮೂತ್ರ ಹಾಕಿ ತೊಳೀತಾರ. ಸುಮ್ಮ ಯಾಕ ಕಷ್ಟಪಡ್ತಿ."

"ತೊಳೀಲಿ," ಅಂದಳು ಸಾಯಮ್ಮ.

ಒಳಗಿನ ಮೂಲೆಯಿಂದ ಶುರು ಮಾಡಿದಳು. ಟ್ರೇ ಇಡುತ್ತಿದ್ದ ಜಾಗದಲ್ಲಿ ಕಲ್ಲಿನ ಮೇಲೆ ತುಪ್ಪದ ನಾಲ್ಕು ಚೌಕ ಮಚ್ಚೆ ಇದ್ದವು. ಎರಡೆರಡು ಸಲ ತಿಕ್ಕಿದಳು. ಹೋಗಲಿಲ್ಲ. ಬಿಟ್ಟು ಮುಂದಿನ ಕಲ್ಲಿಗೆ ಬಂದಳು. ಒರೆಸಿದ ಕಡೆ ಮತ್ತೆ ಕಾಲಿಡದ ಹಾಗೆ ಹಿಂದಕ್ಕೆ, ಇನ್ನೊಂದು ಕಲ್ಲು ಹಿಂದಕ್ಕೆ, ಬಗ್ಗಿಕೊಂಡೇ ಸರಿದಳು. ರಾಜರತ್ನ ಟ್ರಾಕ್ಟರ್ ಚಾಲೂ ಮಾಡಿದ ಸದ್ದು ಕೇಳಿತು. ಕಡೆಯ ಕಲ್ಲು ಒರೆಸುವಾಗ ಆಕೆಯ ಹಿಮ್ಮಡಿಗೆ ಹೊಸ್ತಿಲು ತಾಗಿತು. ಬಟ್ಟೆಯನ್ನು ಆ ಕೊನೆಯಿಂದ ಈ ಕೊನೆಗೆ ಒಮ್ಮೆ ಎಳೆದು, ಹಾಗೇ ಹಿಂದುಹಿಂದಾಗಿ ದಾಟಿ, ಹೊರಗೆ ನಿಂತು ಬಟ್ಟೆ ಹಿಂಡಿದಳು.